ಮೊದಲ ಗೇಮಿನ ಸ್ಟೇಜ್ ಆರಿಸೋವಾಗಲೇ ಜಗಳ. ಯಾರಾದ್ರೂ ದಾರಿ ಹೇಳಿ

ತಟ್ಟೆಇಡ್ಲಿ: ಸಾಕಾಗಿ ಹೋಗಿದೆ. ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಹತ್ತು ಜನ ಸೇರಿ ಸ್ಮ್ಯಾಶ್ (ನಿಂಟೆಂಡೊದ ಹೊಡೆದಾಟದ ವಿಡಿಯೋ ಗೇಮ್) ಆಡುತ್ತೇವೆ. ಆಡೋದಕ್ಕಿಂತ ಸ್ಟೇಜ್ ಸ್ಟ್ರೈಕ್ ಮಾಡೋದಕ್ಕೇ, ಅಂದ್ರೆ ಒಂದು ಅಖಾಡ ಉಳಿಯೋವರೆಗೆ ಬೇಡದ್ದನ್ನು ಸರದಿಯಲ್ಲಿ ತೆಗೆಯೋದಕ್ಕೇ, ಜಾಸ್ತಿ ಹೊತ್ತು. ಕೊನೆಗೆ ಇಬ್ಬರೂ "ಈಗ ನನ್ನ ಸರದಿ" ಅಂತ ಶುರು ಮಾಡುತ್ತಾರೆ. 1-2-1 ಅನ್ನೋ ಸ್ಟ್ರೈಕ್ ಸರದಿಯನ್ನು ಸರಿಯಾಗೇ ಪಾಲಿಸುತ್ತಿದ್ದೇವೆ. ನಿನ್ನೆ ಒಬ್ಬ ಕಂಟ್ರೋಲರ್ ಎಸೆದು ಎದ್ದು ಹೋದ.

ಮೂರನೇಸ್ಟಾಕ್: ಡಿಎಸ್‌ಆರ್, ಅಂದ್ರೆ ಡೇವ್ಸ್ ಸ್ಟುಪಿಡ್ ರೂಲ್ ಅನ್ನೋ ನಿಯಮ, ಇಟ್ಟಿಲ್ಲ ಅಲ್ವಾ? ಅದೇ ಕಾರಣ. ಗೆದ್ದ ಸ್ಟೇಜಿಗೇ ಮತ್ತೆ ಹೋಗಲು ಬಿಟ್ಟರೆ ಜಗಳ ಆಗದೆ ಇನ್ನೇನು?

ತಟ್ಟೆಇಡ್ಲಿ: ಅಣ್ಣಾ, ನಾನು ಕೇಳಿದ್ದು ಮೊದಲ ಗೇಮಿನದು. ಆಗ ಯಾರೂ ಏನೂ ಗೆದ್ದೇ ಇರುವುದಿಲ್ಲ.

ಮೂರನೇಸ್ಟಾಕ್: ಗೊತ್ತು. ಆದ್ರೂ ಮೂಲ ಅಲ್ಲೇ ಇದೆ. ಮುಂದಿನ ಗೇಮಿನಲ್ಲಿ ಏನಾಗುತ್ತೋ ಅನ್ನೋ ಭಯಕ್ಕೆ ಮೊದಲನೆಯದರಲ್ಲೇ ಎಳೆದಾಡುತ್ತಾರೆ. ಮಾಡಿಫೈಡ್ ಡಿಎಸ್‌ಆರ್ ಹಾಕಿ. ಸೆಟ್‌ನಲ್ಲಿ (ಇಬ್ಬರ ಒಂದು ಪಂದ್ಯದ ಎಲ್ಲ ಗೇಮುಗಳಲ್ಲಿ) ಗೆದ್ದ ಯಾವ ಸ್ಟೇಜಿಗೂ ವಾಪಸ್ ಹೋಗುವಂತಿಲ್ಲ.

ಲೆಡ್ಜ್‌ಹಿಡಿದವ: ಅದು ಮಾಡಿಫೈಡ್ ಅಲ್ಲ, ಪೂರ್ತಿ ಡಿಎಸ್‌ಆರ್. ಮಾಡಿಫೈಡ್‌ನಲ್ಲಿ ಕೊನೆಯ ಸಲ ಗೆದ್ದ ಒಂದು ಸ್ಟೇಜ್ ಮಾತ್ರ ಬಂದ್.

ಮೂರನೇಸ್ಟಾಕ್: ನಮ್ಮ ಕಡೆ ಹೀಗೇ ಅನ್ನೋದು.

ಲೆಡ್ಜ್‌ಹಿಡಿದವ: ನಿಮ್ಮ ಕಡೆ ತಪ್ಪಾಗಿ ಅನ್ನುತ್ತಾರೆ.

ಹಳೇಟೀವಿ: ಮೊದಲು ಯಾವ ಸ್ಮ್ಯಾಶ್ ಅಂತ ಹೇಳಲಿ. ಹಳೇ ಸ್ಮ್ಯಾಶ್ ಮೆಲೇ ಆದ್ರೆ ಪೋಕೆಮಾನ್ ಸ್ಟೇಡಿಯಂ ಸಾಮಾನ್ಯವಾಗಿ ಸ್ಟಾರ್ಟರ್ (ಮೊದಲ ಗೇಮಿಗೆ ಸಿಗೋ ಸ್ಟೇಜ್) ಅಲ್ಲ, ಕೌಂಟರ್‌ಪಿಕ್ (ಎರಡನೇ ಗೇಮಿನಿಂದ ಮಾತ್ರ ಆರಿಸೋದು). ಅದನ್ನು ಒಳಗೆ ಸೇರಿಸಿದ್ದರೆ ಲೆಕ್ಕ ಕೆಡುತ್ತೆ. ನಾನು ಇವತ್ತಿಗೂ ಟ್ಯೂಬ್ ಟೀವಿಯಲ್ಲೇ ಆಡೋದು. 21 ಇಂಚು. ಮೂರನೇ ಮಹಡಿಗೆ ಇಬ್ಬರು ಹೊತ್ತು ತಂದಿದ್ದು. ಲ್ಯಾಗ್ (ಗುಂಡಿ ಒತ್ತಿದ್ದು ಪರದೆಗೆ ತಡವಾಗಿ ಬರೋದು) ಅನ್ನೋ ಪದಾನೇ ಮರೆತು ಹೋಗಿದೆ.

ತಟ್ಟೆಇಡ್ಲಿ: ಅಲ್ಟಿಮೇಟ್ ಸ್ವಾಮಿ. ಅದನ್ನೂ ಹೇಳಬೇಕಾ? ಹಜಾರ್ಡ್ (ಸ್ಟೇಜ್ ತಾನೇ ಬದಲಾಗಿ ಅಡ್ಡಿ ಮಾಡೋದು) ಆಫ್, 3 ಸ್ಟಾಕ್ (ಜೀವ), 7 ನಿಮಿಷ.

ಮೂರನೇಸ್ಟಾಕ್: ಹಜಾರ್ಡ್ ನಿಜವಾಗಲೂ ಆಫ್ ಇದೆಯಾ? ಪೋಕೆಮಾನ್ ಸ್ಟೇಡಿಯಂ 2 ಸ್ಟೇಜ್ ಆಟದ ನಡುವೆ ರೂಪ ಬದಲಿಸಿದರೆ ಆಫ್ ಆಗಿಲ್ಲ ಅಂತ ಅರ್ಥ.

ತಟ್ಟೆಇಡ್ಲಿ: ಆಟ ಶುರುವಾಗೋದಕ್ಕೇ ಜಗಳ ಬಿಡುತ್ತಿಲ್ಲ ಅಂತಿದ್ದೀನಿ!

ಲೆಡ್ಜ್‌ಹಿಡಿದವ: ಸ್ಟಾರ್ಟರ್ ಯಾವ್ಯಾವುದು? ಒಂದೊಂದಾಗಿ ಬರೀರಿ.

ತಟ್ಟೆಇಡ್ಲಿ: ಎಲ್ಲರೂ ಇಡೋದೇ. ಬ್ಯಾಟಲ್‌ಫೀಲ್ಡ್, ಫೈನಲ್ ಡೆಸ್ಟಿನೇಶನ್, ಪೋಕೆಮಾನ್ ಸ್ಟೇಡಿಯಂ 2, ಸ್ಮ್ಯಾಶ್‌ವಿಲ್, ಟೌನ್ ಅಂಡ್ ಸಿಟಿ. ಹೋದ ತಿಂಗಳು ಸ್ಮಾಲ್ ಬ್ಯಾಟಲ್‌ಫೀಲ್ಡನ್ನೂ ಸೇರಿಸಿದೆವು.

ಲೆಡ್ಜ್‌ಹಿಡಿದವ: ಆರಾಯಿತು. 1-2-1 ಇರೋದು ಐದಕ್ಕೆ. ಮೊದಲನೆಯವನು ಒಂದು ತೆಗೀತಾನೆ, ಎರಡನೆಯವನು ಎರಡು, ಮತ್ತೆ ಮೊದಲನೆಯವನು ಒಂದು. ನಾಲ್ಕು ಹೋಯಿತು, ಒಂದು ಉಳಿಯಬೇಕು. ನಿಮ್ಮಲ್ಲಿ ಎರಡು ಉಳೀತಿದೆ. ಆ ಕೊನೆಯ ಸ್ಟ್ರೈಕ್ ಯಾರದು ಅಂತ ಎಲ್ಲೂ ಬರೆದಿಲ್ಲ. ಇಬ್ಬರೂ "ನನ್ನದು" ಅನ್ನೋದು ಅದಕ್ಕೇ. ಸ್ಮಾಲ್ ಬ್ಯಾಟಲ್‌ಫೀಲ್ಡನ್ನು ಕೌಂಟರ್‌ಪಿಕ್‌ಗೆ ತಳ್ಳಿ. ಯಾರು ಮೊದಲು ಅನ್ನೋದಕ್ಕೆ ಕಲ್ಲು-ಕಾಗದ-ಕತ್ತರಿ ಸಾಕು.

ಮೂರನೇಸ್ಟಾಕ್: ಸರಿ, ಆದ್ರೂ ಡಿಎಸ್‌ಆರ್ ಹಾಕಿ.

ಕೌಂಟರ್‌ಪಿಕ್‌ಕಾಕಾ: ತಳ್ಳೋದು ಯಾಕೆ? ಕೌಂಟರ್‌ಪಿಕ್ ಎಲ್ಲ ಸೇರಿಸಿ ಒಂಬತ್ತು ಮಾಡಿ, 3-4-1 ಸ್ಟ್ರೈಕ್ ಮಾಡಿ. ಎಂಟು ಹೋಗಿ ಒಂದು ಉಳಿಯುತ್ತೆ. ಆಮೇಲಿನ ಗೇಮುಗಳಿಗೆ, ಹಿಂದಿನದನ್ನು ಗೆದ್ದವನಿಗೆ ಮೂರು ಸ್ಟೇಜ್ ಬ್ಯಾನ್ ಮಾಡೋ ಅವಕಾಶ.

ಲೆಡ್ಜ್‌ಹಿಡಿದವ: ಆರನ್ನೇ ಎಣಿಸದವರಿಗೆ ಒಂಬತ್ತು ಕೊಡ್ತೀರಾ?

ತಟ್ಟೆಇಡ್ಲಿ: ಎಣಿಸೋದೇ ಬಿಟ್ಟುಹೋಗಿತ್ತು, ನಿಜ. ಈ ಭಾನುವಾರ ಐದಕ್ಕೇ ಆಡಿಸುತ್ತೇನೆ. ಆರನೆಯದನ್ನು ಸೇರಿಸಿದವನು ನಾನೇ ಅಂತ ಆ ಎದ್ದು ಹೋದವನಿಗೆ ದಯವಿಟ್ಟು ಯಾರೂ ಹೇಳಬೇಡಿ. ಅವನೂ ಇಲ್ಲಿ ಓದುತ್ತಾನೆ.

ಎದ್ದುಹೋದವ: ಓದಿದೆ.

ಹಳೇಟೀವಿ: ಅಂದ ಹಾಗೆ ಮನೆ ಬದಲಾಯಿಸುತ್ತಿದ್ದೀನಿ. ಆ ಟ್ಯೂಬ್ ಟೀವಿ ಯಾರಿಗಾದ್ರೂ ಬೇಕಾ? ದುಡ್ಡು ಬೇಡ. ನೀವೇ ಬಂದು ಕೆಳಗೆ ಇಳಿಸಿಕೊಳ್ಳಬೇಕು, ಅಷ್ಟೇ.