ಈ ವಾರದ ಸಮಸ್ಯೆ: ‘ತಡೆದಷ್ಟು ಹೆಚ್ಚುವುದು ಓಟದಾ ವೇಗ’

ಮಡಿಕೇರಿಯಿಂದ
ಇದು ನಾಲ್ಕು ಸಾಲಿನ ಪದ್ಯದ ಕೊನೆಯ ಸಾಲಾಗಿ ಬರಬೇಕು, ಮೊದಲ ಮೂರು ನೀವು ಕಟ್ಟಿ. ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ‘ಡ’ಕಾರದ ಪ್ರಾಸ ಬಿಡಬೇಡಿ. ತಡೆದರೆ ವೇಗ ಇಳಿಯಬೇಕು, ಇಲ್ಲಿ ಏರುತ್ತಿದೆ. ಆ ವಿರೋಧ ಬಗೆಹರಿಯಲಿ.

ಭಾಗಮಂಡಲದಿಂದ
ಕೊಡಗಿನಲಿ ಹುಟ್ಟಿದಾ ಕಾವೇರಿ ಹೊಳೆಗೆ
ಅಡಿಗಡಿಗೆ ಬಂಡೆಗಳು ಅಡ್ಡವಿರೆ ಮುಂದೆ
ಬಿಡುವಿರದೆ ಸಂದಿಯಲಿ ನುಗ್ಗುವುದು ನೀರು
ತಡೆದಷ್ಟು ಹೆಚ್ಚುವುದು ಓಟದಾ ವೇಗ

ವಿರಾಜಪೇಟೆಯಿಂದ
ಅಕ್ಕಾ, ‘ಬಿಡುವಿರದೆ’ ಬಹಳ ಹಿಡಿಸಿತು. ನನ್ನದು ಆಕಾಶದ ಕಡೆ ಹೋಯಿತು. ‘ಪೊಡವಿ’ ಅಂದರೆ ಭೂಮಿ.

ಕಡುತೆಳ್ಳ ಗಾಳಿಯಲಿ ಉಪಗ್ರಹ ಸುತ್ತಿ
ಕೊಡುತಿರಲು ಶಕ್ತಿಯನು ಚೂರುಚೂರಾಗಿ
ಪೊಡವಿ ತಾನೆಳೆದೆಳೆದು ಕೆಳಗಿಳಿಸಲದನು
ತಡೆದಷ್ಟು ಹೆಚ್ಚುವುದು ಓಟದಾ ವೇಗ

ಸೋಮವಾರಪೇಟೆಯಿಂದ
ಅಣ್ಣಾ, ಪದ್ಯ ಸೊಗಸಾಗಿದೆ. ಆದರೆ ಶಕ್ತಿ ಕಳೆದುಕೊಂಡ ಉಪಗ್ರಹಕ್ಕೆ ವೇಗ ಬರೋದು ಹೇಗೆ? ಶಕ್ತಿ ಸಂರಕ್ಷಣೆಯ ನಿಯಮ ಮುರಿಯಲ್ವಾ?

ವಿರಾಜಪೇಟೆಯಿಂದ
ಮುರಿಯಲ್ಲ ತಮ್ಮಾ. ಕಕ್ಷೆ ಹೆಚ್ಚುಕಡಿಮೆ ದುಂಡಗಿದೆ, ನಿಧಾನವಾಗಿ ಕುಗ್ಗುತ್ತಿದೆ ಅಂತಿಟ್ಟುಕೊ. ಗಾಳಿ 100 ಜೂಲ್ ಕಿತ್ತುಕೊಂಡರೆ ಉಪಗ್ರಹ ಒಂದಿಷ್ಟು ಕೆಳಗೆ ಜಾರುತ್ತದೆ. ಆ ಜಾರುವಿಕೆಯಲ್ಲಿ ಭೂಮಿಯ ಸೆಳೆತ 200 ಜೂಲ್ ಕೆಲಸ ಮಾಡುತ್ತದೆ. ಅದರಲ್ಲಿ 100 ಗಾಳಿಯ ಪಾಲು, ಶಾಖವಾಗಿ ಹೋಯಿತು. ಉಳಿದ 100 ಚಲನ ಶಕ್ತಿಗೆ, ಅಂದರೆ ಓಟದ ಶಕ್ತಿಗೆ, ಸೇರಿತು. ಎತ್ತರದಿಂದ ಬಂದ ಪ್ರಚ್ಛನ್ನ ಶಕ್ತಿ 200 ಇಳಿಯಿತು, ಚಲನ ಶಕ್ತಿ 100 ಏರಿತು. ಉಪಗ್ರಹದ ಒಟ್ಟು ಶಕ್ತಿಯಲ್ಲಿ ಕಡಿಮೆಯಾದದ್ದು ಸರಿಯಾಗಿ 100.

400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7.67 ಕಿ.ಮೀ. ವೇಗ. 300ಕ್ಕೆ ಇಳಿದರೆ 7.73. ನಮ್ಮ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಹೀಗೇ ಇಳಿದಿಳಿದು 1992ರಲ್ಲಿ ದಟ್ಟ ವಾತಾವರಣಕ್ಕೆ ಬಿತ್ತು.

ಭಾಗಮಂಡಲದಿಂದ
ಹಾಗಾದರೆ ಹಾಸನದ ಇಸ್ರೊ ಕೇಂದ್ರದವರು ನೋಡಿಕೊಳ್ಳುವ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು? ಅಷ್ಟು ಎತ್ತರದಲ್ಲಿ ಗಾಳಿಯೇ ಇಲ್ಲವಲ್ಲ. ಭೂಮಿ ಮಾತ್ರ ಎಳೆಯುತ್ತಲೇ ಇರುತ್ತದೆ. ಆ ಎಳೆತವೂ ಕೆಲಸ ಮಾಡುತ್ತಲೇ ಇರಬೇಕಲ್ಲ?

ವಿರಾಜಪೇಟೆಯಿಂದ
35,786 ಕಿ.ಮೀ. ಮೇಲೆ ಅವುಗಳ ದಾರಿ ಹೆಚ್ಚುಕಡಿಮೆ ಪೂರ್ತಿ ದುಂಡು. ಎಳೆತ ಭೂಮಿಯ ನಡುವಿನ ಕಡೆಗೆ, ಓಟ ಅದಕ್ಕೆ ಅಡ್ಡಲಾಗಿ. ಎಳೆತದ ದಿಕ್ಕಿನಲ್ಲಿ ಒಂದಿಂಚೂ ಸರಿಯದಿದ್ದರೆ ಕೆಲಸ ಸೊನ್ನೆ. ಮೊಟ್ಟೆಯಾಕಾರದ ಕಕ್ಷೆಯಾದರೆ ಹತ್ತಿರ ಬರುವಾಗ ಭೂಮಿ ಕೊಡುತ್ತದೆ, ದೂರ ಹೋಗುವಾಗ ಅಷ್ಟನ್ನೂ ವಾಪಸ್ ಪಡೆಯುತ್ತದೆ. ಒಂದು ಸುತ್ತು ಮುಗಿದರೆ ಲೆಕ್ಕ ಚುಕ್ತಾ.

ಮಡಿಕೇರಿಯಿಂದ
ನನ್ನ ಮೆಚ್ಚುಗೆ ವಿರಾಜಪೇಟೆಯ ಮೂರನೇ ಸಾಲಿಗೆ. ವಿರೋಧ ಬಿಡಿಸಿದ್ದು ಆ ‘ಎಳೆದೆಳೆದು’. ಹೊಳೆಯ ಪದ್ಯ ಓದೋಕೆ ಇನ್ನೂ ಹಿತ. ಆದರೆ ಅಲ್ಲಿ ವೇಗ ಕೊಟ್ಟದ್ದು ಇಕ್ಕಟ್ಟಾದ ಸಂದಿ. ಉಪಗ್ರಹದ ಪದ್ಯದಲ್ಲಿ ತಡೆಯೇ ಅದನ್ನು ಕೆಳಗೆ ಜಾರಿಸಿ, ಭೂಮಿಯ ಎಳೆತ ವೇಗ ಕೊಡುವಂತೆ ಮಾಡಿದೆ, ಹಾಗಾಗಿ ಅದಕ್ಕೇ ನನ್ನ ಓಟು.

ಭಾಗಮಂಡಲದ ಪ್ರಶ್ನೆಯಲ್ಲೇ ಮುಂದಿನ ಸಮಸ್ಯೆ ಸಿಕ್ಕಿತು. ಛಂದಸ್ಸು ಅದೇ, ಪ್ರಾಸ ‘ನ’ಕಾರ:

ದಿನವಿಡೀ ಎಳೆದರೂ ಕೆಲಸವೇ ಇಲ್ಲ