ಪುಣೆಯಲ್ಲಿ ಮೆಕ್ಯಾನಿಕಲ್: ಆರು ಲಕ್ಷ ಸಾಲ ಮಾಡಿ ಓದಿಸಿದ್ರೆ ಲೆಕ್ಕ ಹೊಂದುತ್ತಾ?

ನಿಗಡಿಯವ
ನಮಸ್ಕಾರ. ಮಗನ ಹತ್ತನೇದು ಪುಣೆ ಹತ್ತಿರದ ನಿಗಡಿಯಲ್ಲಿ, ಪಿಯುಸಿ ವಿಜಯಪುರದಲ್ಲಿ ಆಗಿದೆ. ಎಂಎಚ್‌ಟಿ-ಸಿಇಟಿ (ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ) ಬರೆದಿದ್ದಾನೆ. ಖಾಸಗಿ ಕಾಲೇಜಿನ ಮೆಕ್ಯಾನಿಕಲ್‌ಗೆ ವರ್ಷಕ್ಕೆ 1.5 ಲಕ್ಷ, ಪೂರ್ತಿ ಸಾಲವೇ. ಓಡಾಟ ಮನೆಯಿಂದ. ಕ್ಯಾಂಪಸ್‌ನಲ್ಲಿ 3.6 ಲಕ್ಷದ ಪ್ಯಾಕೇಜು ಅಂತಾರೆ. ಕ್ಯಾಪ್ (ಸರ್ಕಾರದ ಕೇಂದ್ರೀಕೃತ ಸೀಟು ಹಂಚಿಕೆ) ರೌಂಡಿಗೆ ಕಾಯಬೇಡಿ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಈಗಲೇ ಸೀಟು ಹಿಡೀರಿ ಅನ್ನೋದು ಏಜೆಂಟನ ವರಾತ. ಏನು ಮಾಡಲಿ?

ಖರ್ಚುವೆಚ್ಚ
ಮೊದಲು ಆ 3.6 ಲಕ್ಷವನ್ನು ಬಿಚ್ಚಿ ನೋಡಿ. ಸಿಟಿಸಿ, ಅಂದರೆ ಕಂಪನಿ ಹುಡುಗನ ಮೇಲೆ ಮಾಡುವ ಒಟ್ಟು ಖರ್ಚು, ತಿಂಗಳಿಗೆ 30,000. ಬೇಸಿಕ್ 15,000 ಅಂತಿಟ್ಟುಕೊಂಡರೆ ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ 4.81% ಲೆಕ್ಕದಲ್ಲಿ 720 ಚಿಲ್ಲರೆ. ಇವೆರಡೂ ಸಿಟಿಸಿ ಒಳಗೇ ಕೂತಿರುತ್ತವೆ. ಆಮೇಲೆ ಹುಡುಗನ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200. ಉಳಿಯೋದು ಸುಮಾರು 25,500. ಕ್ಯಾಂಟೀನು, ಬಸ್ಸು, ವಿಮೆ ಅಂತ ಕಂಪನಿ ಮುರಿದುಕೊಂಡರೆ ಇನ್ನೂ ಕಡಿಮೆ.

ಈಗ ಸಾಲ. ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ಕಂತು, ಬಡ್ಡಿ 10% ಅಂದುಕೊಳ್ಳಿ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಐದು ವರ್ಷಕ್ಕೆ ಸರಳ ಬಡ್ಡಿಯೇ 2.1 ಲಕ್ಷ. ಸುಮ್ಮನಿದ್ದರೆ 8.1 ಲಕ್ಷದ ಮೇಲೆ ಏಳು ವರ್ಷದ ಇಎಂಐ 13,450ರ ಹತ್ತಿರ ಬೀಳುತ್ತದೆ, ಅಂದರೆ ಸಂಬಳದ ಅರ್ಧಕ್ಕಿಂತ ಜಾಸ್ತಿ. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಹೋದರೆ (ಮೊದಲ ವರ್ಷ 1,250, ನಾಲ್ಕನೇ ವರ್ಷ 5,000) ಇಎಂಐ 9,960ಕ್ಕೆ ನಿಲ್ಲುತ್ತದೆ. ಕಟ್ಟುವ ತಾಕತ್ತಿದ್ದರೆ ಕಟ್ಟಿಬಿಡಿ.

ಮೆಕ್ಯಾನಿಕಲ್‌ನಲ್ಲಿ ಸಂಬಳ ಏರುತ್ತದೆ, ಆದರೆ ನಿಧಾನ. ಅದಕ್ಕೇ ಸಾಲ ಚಿಕ್ಕದಿರಬೇಕು.

ಗುಮ್ಮಟ
ಏಜೆಂಟನ ಮಾತು ಕೇಳಬ್ಯಾಡ್ರಿ. ಫೀ ರಿಯಾಯ್ತಿ ಇರೋದು ಕ್ಯಾಪ್ ಸೀಟಿಗೆ. ಮ್ಯಾನೇಜ್‌ಮೆಂಟ್ ಕೋಟಾಕ್ಕ ಹೋದ್ರ ಅದು ಕೈ ಬಿಟ್ಟ ಹಂಗ.

ಪಿಯುಸಿ ಕರ್ನಾಟಕದಾಗ ಆಗೇದ ಅಂದ್ರ ಹುಡುಗ ಟೈಪ್-ಎ (ಹತ್ತನೇದು, ಹನ್ನೆರಡನೇದು ಎರಡೂ ಮಹಾರಾಷ್ಟ್ರದಾಗ ಓದಿದವರ ವರ್ಗ) ಒಳಗ ಬರೂದಿಲ್ಲ. ನಿಮ್ಮದಾಗ್ಲಿ, ನಿಮ್ಮ ಮನಿಯವರದಾಗ್ಲಿ ಮಹಾರಾಷ್ಟ್ರದ ಡೊಮಿಸೈಲ್ (ಕಾಯಂ ನಿವಾಸಿ ಪತ್ರ) ಇದ್ರ ಟೈಪ್-ಬಿ ಆಗ್ತದ. ಅದಕ್ಕ 15 ವರ್ಷ ಇಲ್ಲೇ ಇದ್ದ ದಾಖಲೆ ಬೇಕು. ಇವತ್ತೇ ತಯಾರಿ ಮಾಡ್ರಿ, ಫಾರ್ಮ್ ತುಂಬೂ ಹೊತ್ತಿಗೆ ತಹಸೀಲ್ ಕಚೇರಿಯಾಗ ಜಾತ್ರಿ ಇರ್ತದ. ಇನ್ನೊಂದು, ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿ ಮೀಸಲಾತಿಗೆ ನಡಿಯೂದಿಲ್ಲ, ಓಪನ್ ಅಂತ ತಿಳ್ಕೊಂಡೇ ಲೆಕ್ಕ ಹಾಕ್ರಿ.

ಮನಿ ವರಮಾನ 8 ಲಕ್ಷದೊಳಗಿದ್ರ ಎರಡು ದಾರಿ. ಟಿಎಫ್‌ಡಬ್ಲ್ಯೂಎಸ್ (ಫೀ ಮಾಫಿ ಯೋಜನೆ) ಸೀಟಾದ್ರ ಟ್ಯೂಶನ್ ಫೀ ಪೂರಾ ಮಾಫಿ. ಅದಕ್ಕ ಆಪ್ಶನ್ ಫಾರ್ಮಿನಾಗ ತುಂಬೂ ಬ್ಯಾರೇ ಚಾಯ್ಸ್ ಕೋಡ್ ಇರ್ತದ, ಕಟಾಫ್ ಮ್ಯಾಲಿರ್ತದ, ಆಮ್ಯಾಲೆ ಕಾಲೇಜು, ಬ್ರಾಂಚು ಬದಲ್ಸಾಕ ಬರೂದಿಲ್ಲ. ಅದು ಸಿಗದಿದ್ರ ಇಬಿಸಿ (ಆರ್ಥಿಕವಾಗಿ ಹಿಂದುಳಿದವರ ರಿಯಾಯ್ತಿ), ಅರ್ಧ ಟ್ಯೂಶನ್ ಫೀ. 1.5 ಲಕ್ಷದಾಗ ಟ್ಯೂಶನ್ 1.3 ಅಂತ ಹಿಡದ್ರೂ ವರ್ಷಕ್ಕ 65,000 ಉಳೀತದ, ಆರು ಲಕ್ಷದ ಸಾಲ 3.4ಕ್ಕ ಇಳೀತದ. ಮಹಾಡಿಬಿಟಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಕಡೆಯಿಂದ ರೊಕ್ಕ ತಡಾ ಬರ್ತದ, ಪ್ರತಿ ವರ್ಷ ಅರ್ಜಿ ಹಾಕಬೇಕು.

ಕಾಲೇಜು ಆರಿಸೂ ಆಪ್ಶನ್ ಫಾರ್ಮಿನಾಗ ಸಿಓಇಪಿ (ಪುಣೆಯ ಹಳೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು), ಮಂಚರ್ ಕಡೆಯ ಅವಸರಿ ಸರ್ಕಾರಿ ಕಾಲೇಜು ಮ್ಯಾಲೆ ಬರೀರಿ. ಸಿಗಲಿಕ್ಕಿಲ್ಲ ಅಂತ ಬಿಡಬ್ಯಾಡ್ರಿ, ಬರಿಯಾಕ ರೊಕ್ಕ ಹತ್ತೂದಿಲ್ಲ.

ಭೋಸರಿ ಟೂಲ್‌ರೂಮ್
ಕಾಲೇಜಿನವರ ‘ಸರಾಸರಿ ಪ್ಯಾಕೇಜು’ ನಂಬಬೇಡಿ. ಐಟಿಗೆ ಹೋದವರ ಸಂಬಳ ಅದನ್ನು ಎಳೆದಿರುತ್ತದೆ. ಮೆಕ್ಯಾನಿಕಲ್‌ನ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಆಫರ್ ಲೆಟರ್ ಕಂಪನಿಯದೋ ಕಾಂಟ್ರ್ಯಾಕ್ಟರನದೋ, ಅದು ಜಿಇಟಿ (ಟ್ರೇನಿ ಎಂಜಿನಿಯರ್) ಹುದ್ದೆಯೋ ಒಂದು ವರ್ಷದ ಅಪ್ರೆಂಟಿಸೋ ಅಂತ ಕೇಳಿ. ಕೊನೆಯದಕ್ಕೆ ಸಾಮಾನ್ಯವಾಗಿ ಉತ್ತರವೇ ಬರಲ್ಲ.

ಪುಣೆಯ ಕಾರ್ಖಾನೆಗಳಿರೋ ಚಾಕಣ್, ಭೋಸರಿ ಕಡೆ ಇಂಟರ್‌ವ್ಯೂನಲ್ಲಿ ಹುಡುಗರು ಬೀಳೋದು ಡ್ರಾಯಿಂಗ್ ಮುಂದೆ. ಬೋರ್ (ತೂತು) 25 ಎಚ್7 (ಎಚ್7 ಅಂದರೆ ಟಾಲರೆನ್ಸ್, ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಗುರುತು) ಅಂತ ಬರೆದಿದ್ದರೆ 25.000ರಿಂದ 25.021 ಮಿಮೀ ತನಕ ಮಾಲು ಪಾಸು. ಇದನ್ನು 0.02 ಮಿಮೀ ವರ್ನಿಯರ್‌ನಲ್ಲಿ ಅಳೀತೀನಿ ಅಂದವನನ್ನು ಅಲ್ಲಿಗೇ ಮನೆಗೆ ಕಳಿಸ್ತಾರೆ. ಇಡೀ ಟಾಲರೆನ್ಸೇ 0.021, ವರ್ನಿಯರ್‌ನ ಒಂದು ಗೆರೆಯಲ್ಲೇ ಮುಗಿದುಹೋಗುತ್ತೆ. ಬೋರ್ ಗೇಜು ಅಥವಾ ಪ್ಲಗ್ ಗೇಜು ಬೇಕು ಅನ್ನಬೇಕು. ಎರಡನೇ ವರ್ಷದ ರಜೆಯಲ್ಲೇ ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷೀನು) ಶಾಪ್‌ನಲ್ಲಿ ನಿಂತು ಇದನ್ನು ಕಲಿತರೆ ಖರ್ಚಿಲ್ಲ. ಕ್ಯಾಟಿಯಾ, ಸಾಲಿಡ್‌ವರ್ಕ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ಕ್ಲಾಸಿಗೆ ದುಡ್ಡು ಸುರಿಯೋದು ಆಮೇಲಿನ ಮಾತು.

ನಿಗಡಿಯವ
ಡೊಮಿಸೈಲ್ ನನ್ನ ಹೆಸರಲ್ಲಿದೆ, ಕ್ಯಾಪ್‌ಗೇ ಕಾಯ್ತೀನಿ. ಅದೂ ಆಗದಿದ್ರೆ ಡಿಪ್ಲೊಮಾ?

ಭೋಸರಿ ಟೂಲ್‌ರೂಮ್
ಪಿಯುಸಿ ಸೈನ್ಸ್ ಆಗಿರೋದರಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಪ್ರವೇಶ ಇದೆ, ಎರಡು ವರ್ಷಕ್ಕೆ ಮುಗಿಯುತ್ತೆ. ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಹೋದರೆ ಮತ್ತೆ ಮೂರು. ಒಟ್ಟು ಐದು, ಒಂದು ವರ್ಷ ಹೆಚ್ಚು. ಸರ್ಕಾರಿ ಪಾಲಿಟೆಕ್ನಿಕ್ ಸಿಕ್ಕರೆ ಖರ್ಚು ತೀರಾ ಕಡಿಮೆ, ಬೇಕಿದ್ದರೆ ನಡುವೆಯೇ ಕೆಲಸಕ್ಕೂ ಸೇರಬಹುದು. ತೊಡಕು ಗಣಿತದ್ದು: ಹಾಗೆ ಬಂದವರು ಎಂ-3ರ (ಬಿಇ ಎರಡನೇ ವರ್ಷದ ಗಣಿತ) ಲ್ಯಾಪ್ಲಾಸ್ ಪಾಠದಲ್ಲೇ ಎಡವೋದು. ಪಿಯುಸಿ ಗಣಿತದ ಪುಸ್ತಕ ರದ್ದಿಗೆ ಹಾಕಬೇಡಿ.