ರೀಅಲಾಕ್ ಮಾಡಿದ ಅರೇ ಒಂಬತ್ತನೇ ಸಂಖ್ಯೆಗೆ ಕ್ರ್ಯಾಶ್ ಆಗುವುದೇಕೆ?

ಪ್ರಶ್ನೆ: ಸರ್, ಸಿ ಭಾಷೆ, 64 ಬಿಟ್ ಲಿನಕ್ಸ್, ಜಿಸಿಸಿ ಕಂಪೈಲರ್. ಬಳಕೆದಾರರು ಟೈಪ್ ಮಾಡುವ ಸಂಖ್ಯೆಗಳನ್ನು ಎ ಎಂಬ ಇಂಟ್ ಅರೇಗೆ ತುಂಬುತ್ತಿದ್ದೇನೆ. ಶುರುವಿನಲ್ಲಿ ಮೆಮೊರಿ ಪಡೆಯಲು ಮ್ಯಾಲಾಕ್(4 * ಸೈಜ್‌ಆಫ್(ಇಂಟ್)). ಅರೇ ತುಂಬಿದಾಗಲೆಲ್ಲ ಕ್ಯಾಪ್ (ಅರೇಯಲ್ಲಿ ಹಿಡಿಸುವ ಅಂಶಗಳ ಸಂಖ್ಯೆ) ಅನ್ನು ದುಪ್ಪಟ್ಟು ಮಾಡಿ, ಜಾಗದ ಗಾತ್ರ ಬದಲಿಸಲು ಎ = ರೀಅಲಾಕ್(ಎ, ಕ್ಯಾಪ್). ಎಂಟು ಸಂಖ್ಯೆ ಸರಿಯಾಗಿ ಹೋಗುತ್ತವೆ. ಒಂಬತ್ತನೆಯದಕ್ಕೆ "ರೀಅಲಾಕ್(): ಇನ್‌ವ್ಯಾಲಿಡ್ ನೆಕ್ಸ್ಟ್ ಸೈಜ್" ಎಂದು ಬಂದು ಪ್ರೋಗ್ರಾಂ ನಿಲ್ಲುತ್ತದೆ. ಮೆಮೊರಿ ಸಾಲುತ್ತಿಲ್ಲವೇ?

ಉತ್ತರ: ಮೆಮೊರಿ ಬೇಕಾದಷ್ಟಿದೆ. ರೀಅಲಾಕ್‌ಗೆ ಕೊಡಬೇಕಾದದ್ದು ಬೈಟ್ ಲೆಕ್ಕ, ಅಂಶಗಳ ಲೆಕ್ಕವಲ್ಲ. ಕ್ಯಾಪ್ 8 ಆದಾಗ ನೀವು ಕೇಳಿದ್ದು 8 ಬೈಟ್, ಅಂದರೆ ಎರಡೇ ಇಂಟ್. ಮೊದಲಿದ್ದ 16 ಬೈಟ್‌ಗಿಂತಲೂ ಕಡಿಮೆ!

ಹಾಗಿದ್ದರೂ ಎಂಟರವರೆಗೆ ನಡೆದದ್ದಕ್ಕೆ ಕಾರಣವಿದೆ. ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಕೊಡುವ ಅತಿ ಚಿಕ್ಕ ಬ್ಲಾಕಿನಲ್ಲೂ 24 ಬೈಟ್ ಬಳಕೆಗೆ ಸಿಗುತ್ತವೆ. ಅದರಲ್ಲಿ ಆರು ಇಂಟ್ ಹಿಡಿಯುತ್ತವೆ. ಏಳನೆಯದೂ ಎಂಟನೆಯದೂ ಪಕ್ಕದ ಬ್ಲಾಕಿನ ಗಾತ್ರ ಬರೆದಿಟ್ಟ ಜಾಗದ ಮೇಲೆ ಬಿದ್ದವು. ಮುಂದಿನ ರೀಅಲಾಕ್ ಆ ಗಾತ್ರವನ್ನು ಪರೀಕ್ಷಿಸಿ, ಅದು ಕೆಟ್ಟಿದೆ ಎಂದು ಪ್ರೋಗ್ರಾಂ ನಿಲ್ಲಿಸಿತು. ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿ ಕಂಪೈಲ್ ಮಾಡಿದರೆ ಐದನೇ ಸಂಖ್ಯೆ ಬರೆಯುವ ಸಾಲಿನಲ್ಲೇ ಸಿಕ್ಕಿಬೀಳುತ್ತದೆ.

ಹೀಗೆ ಬರೆಯಿರಿ:

ಇಂಟ್ *ಟಿ = ರೀಅಲಾಕ್(ಎ, ಹೊಸಕ್ಯಾಪ್ * ಸೈಜ್‌ಆಫ್(*ಎ));

ಟಿ ನಲ್ (ಖಾಲಿ ಪಾಯಿಂಟರ್) ಅಲ್ಲವೆಂದು ನೋಡಿಕೊಂಡ ಮೇಲೆಯೇ ಎ = ಟಿ, ಕ್ಯಾಪ್ = ಹೊಸಕ್ಯಾಪ್. ರೀಅಲಾಕ್ ವಿಫಲವಾದರೆ ನಲ್ ಬರುತ್ತದೆ, ಹಳೆಯ ಬ್ಲಾಕ್ ಮಾತ್ರ ಹಾಗೇ ಉಳಿದಿರುತ್ತದೆ. ನೇರವಾಗಿ ಎ ಗೆ ಹಾಕಿಕೊಂಡರೆ ಅದರ ವಿಳಾಸ ಕಳೆದುಹೋಗಿ, ಡೇಟಾ ಓದಲೂ ಆಗದು, ಫ್ರೀ ಮಾಡಲೂ ಆಗದು.

ಪ್ರಶ್ನೆ: ಸರಿಹೋಯಿತು ಸರ್. ಇದನ್ನೇ ಬೇರೆ ಫಂಕ್ಷನ್ನಿಗೆ ಹಾಕಿದರೆ ಮೇನ್‌ನಲ್ಲಿ ಕೆಲವೊಮ್ಮೆ ಕಸ ಸಂಖ್ಯೆಗಳು ಬರುತ್ತಿವೆ. ದುಪ್ಪಟ್ಟು ಬಿಟ್ಟು ಒಂದೊಂದೇ ಹೆಚ್ಚಿಸಿದರೆ ಜಾಗ ಉಳಿಯುವುದಿಲ್ಲವೇ?

ಉತ್ತರ (ಇನ್ನೊಬ್ಬರು): ಫಂಕ್ಷನ್ನಿಗೆ ಹೋಗುವುದು ಪಾಯಿಂಟರ್‌ನ ನಕಲು. ರೀಅಲಾಕ್ ಬ್ಲಾಕನ್ನು ಬೇರೆಡೆಗೆ ಸಾಗಿಸಿದಾಗ ಮೇನ್‌ನಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಸಾಗಿಸದಿದ್ದರೆ ಎಲ್ಲ ಸರಿ ಕಾಣುತ್ತದೆ. ಅದಕ್ಕೇ "ಕೆಲವೊಮ್ಮೆ". ಇಂಟ್ **, ಅಂದರೆ ಪಾಯಿಂಟರ್‌ನದೇ ವಿಳಾಸ ಕಳಿಸಿ. ನನ್ನ ಒಲವು ಪಾಯಿಂಟರ್, ಉದ್ದ, ಕ್ಯಾಪ್ ಮೂರನ್ನೂ ಒಂದೇ ಸ್ಟ್ರಕ್ಟ್‌ನಲ್ಲಿಟ್ಟು ಅದರ ವಿಳಾಸ ಕಳಿಸುವ ಕಡೆಗೆ. ಅರೇಯ ನಡುವಿನ ಅಂಶಕ್ಕೆ ಪಾಯಿಂಟರ್ ಇಟ್ಟುಕೊಂಡಿದ್ದರೆ ಅದಕ್ಕೂ ಇದೇ ಗತಿ, ಬದಲಿಗೆ ಇಂಡೆಕ್ಸ್ ಇಟ್ಟುಕೊಳ್ಳಿ.

ಒಂದೊಂದೇ ಹೆಚ್ಚಿಸಬೇಡಿ. ಪ್ರತಿ ಸಲವೂ ಬ್ಲಾಕ್ ಜಾಗ ಬದಲಿಸಿತೆಂದುಕೊಂಡರೆ, 1000 ಅಂಶ ತುಂಬುವಷ್ಟರಲ್ಲಿ 4,99,500 ಅಂಶಗಳ ನಕಲು. 4ರಿಂದ ದುಪ್ಪಟ್ಟಾಗುತ್ತ ಹೋದರೆ 1020 ಅಷ್ಟೇ. ಹೆಚ್ಚುವರಿ ಜಾಗ ಉಳಿಸಲೇಬೇಕಿದ್ದರೆ, ಎಲ್ಲ ತುಂಬಿದ ಮೇಲೆ ಒಂದೇ ಸಲ ನಿಜವಾದ ಉದ್ದಕ್ಕೆ ರೀಅಲಾಕ್ ಮಾಡಿ. ಉದ್ದ 0 ಇದ್ದರೆ ಮಾತ್ರ ರೀಅಲಾಕ್ ಬೇಡ, ಫ್ರೀ ಮಾಡಿ: ಗಾತ್ರ 0 ಕೊಟ್ಟರೆ ಏನಾಗಬೇಕೆಂಬುದನ್ನು ಸಿ ಭಾಷೆಯ ಮಾನದಂಡ ಸಿ23 ಅನಿರ್ದಿಷ್ಟವಾಗಿಯೇ ಬಿಟ್ಟಿದೆ.